ಎರಡು ಅಂಗಿಯ ಹುಳು

ಅವಳ ಚೀಟಿಯನ್ನು ಬಿಚ್ಚಿ ನೋಡುವ ಮುಂಚೆ ಅವನು ಪ್ರತಿದಿನವೂ ಕೈ ತೊಳೆದುಕೊಳ್ಳುತ್ತಿದ್ದ. ಪಾಪ ತೊಳೆಯಲಿ ಎಂದಲ್ಲ. ಬಸವನಹುಳುವಿನ ಲೋಳೆ ಕಾಗದಕ್ಕೆ ಹತ್ತಿದರೆ ಒಣಗಿದ ಮೇಲೆ ಮಿರುಗುತ್ತದೆ, ಸಿಕ್ಕಿಬೀಳಬಹುದು. ಸಾಬೂನು ಹಚ್ಚಿ, ಉಗುರಿನ ಸಂದಿ ಉಜ್ಜಿ, ಟವೆಲಿನಲ್ಲಿ ಒರೆಸಿಕೊಂಡು, ಆಮೇಲೆ ಕೋಣೆಯ ಮೂಲೆಯಲ್ಲಿದ್ದ ತಗಡಿನ ಡಬ್ಬಿಗೆ ಕೈ ಹಾಕುತ್ತಿದ್ದ. ಮೂವತ್ತೊಂದು ವರ್ಷ ಒಂದೇ ಪ್ರಯೋಗಶಾಲೆಯಲ್ಲಿ ದುಡಿದವನಿಗೆ ಕಳ್ಳತನದಲ್ಲೂ ಒಂದು ಅಚ್ಚುಕಟ್ಟು ಬಂದುಬಿಡುತ್ತದೆ. ಆಡು ಕುರಿಗಳ ಶ್ವಾಸಕೋಶದಲ್ಲಿ ಸಂಸಾರ ಹೂಡುವ ಹುಳುವೊಂದರ ಮರಿಗಳು ಬಸವನಹುಳುವಿನ ಪಾದದೊಳಗೆ ಬೆಳೆಯುತ್ತವೆ. ಯಾವ ಬಯಲಿನ ಬಸವನಹುಳುವಿನಲ್ಲಿ ಎಷ್ಟು ಮರಿ ಇವೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಎಣಿಸಿ, ಅಲ್ಲಿ ಆಡು ಮೇಯಿಸಬಹುದೇ ಬೇಡವೇ ಎಂದು ತಿಳಿಸುವುದು ಈ ಕೋಣೆಯ ಕೆಲಸ. ಎಣಿಸುವವರು ಇಬ್ಬರು: ಬೆಳಿಗ್ಗೆ ಅವಳು, ಮಧ್ಯಾಹ್ನ ಅವನು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯಬಾರದು. ಇಬ್ಬರೂ ಚೀಟಿ ಬರೆದು ಮಡಚಿ ಡಬ್ಬಿಗೆ ಹಾಕಬೇಕು, ನಾಲ್ಕು ಗಂಟೆಗೆ ಪ್ರಯೋಗಶಾಲೆಯ ಮುಖ್ಯಸ್ಥೆಯಾದ ಡಾಕ್ಟರು ಎರಡನ್ನೂ ಬಿಚ್ಚುತ್ತಾರೆ, ಹೆಚ್ಚು ವ್ಯತ್ಯಾಸವಿದ್ದರೆ ಇಬ್ಬರೂ ಮೊದಲಿನಿಂದ ಎಣಿಸಬೇಕು. ಅವಳು ಊಟಕ್ಕೆ ಹೋದಾಗ ಅವನು ಅವಳ ಚೀಟಿ ಬಿಚ್ಚಿ ಓದಿ, ಹಾಗೆಯೇ ಮಡಚಿಟ್ಟು, ತನ್ನ ಚೀಟಿಯಲ್ಲಿ ಸೋಮವಾರ ಒಂದು ಕಡಿಮೆ, ಮಂಗಳವಾರ ಒಂದು ಹೆಚ್ಚು ಬರೆದು ಹಾಕುತ್ತಿದ್ದ. ಬುಧವಾರ ಇದ್ದದ್ದನ್ನೇ ಬರೆಯುತ್ತಿದ್ದ.

ಕಣ್ಣು ಪೂರ್ತಿ ಹೋಗಿರಲಿಲ್ಲ. ಪೂರ್ತಿ ಹೋಗಿದ್ದರೆ ಹೇಳಿಕೊಳ್ಳುವುದಾದರೂ ಸುಲಭವಾಗುತ್ತಿತ್ತು. ನಟ್ಟನಡುವೆ ಒಂದು ಜಾಗ ಸವೆದುಹೋಗಿತ್ತು, ಸುತ್ತಲಿನದೆಲ್ಲ ಮೊದಲಿನಂತೆಯೇ ಇತ್ತು. ಯಾವುದನ್ನು ನೋಡಬೇಕೆಂದು ಕಣ್ಣಿಡುತ್ತಾನೋ ಅದೇ ಮಾಯ. ಯಾರೂ ಕೇಳದ ಗೋಡೆ, ಕಿಟಕಿಯ ಸರಳು, ಎದುರಿಗಿದ್ದವರ ಕಿವಿ, ಕುರ್ಚಿಯ ಕಾಲು ಇವೆಲ್ಲ ನಿಚ್ಚಳ. ಚೀಟಿಯ ದಪ್ಪ ಅಂಕಿ ಓರೆಗಣ್ಣಿಗೆ ಸಿಗುತ್ತಿತ್ತು, ಗಾಜಿನೊಳಗಿನ ಹುಳು ಸಿಗುತ್ತಿರಲಿಲ್ಲ. ‘ಇದು ಹಿಂದಕ್ಕೆ ಬರೋದಲ್ಲ ಯಜಮಾನ್ರೇ, ಇರೋದನ್ನ ಉಳಿಸ್ಕೊಳ್ಳಿ’ ಎಂದು ಕಣ್ಣಿನ ಡಾಕ್ಟರು ಹೇಳಿದಾಗ ಅವನು ಅವರ ಹಣೆಪಟ್ಟಿಯ ದೀಪದ ಸುತ್ತಲಿನ ಕೂದಲನ್ನು ನೋಡುತ್ತಿದ್ದ. ಮನೆಯಲ್ಲಿ ಹೆಂಡತಿ ಅವರಿವರ ಬಟ್ಟೆ ಹೊಲಿಯುತ್ತಾಳೆ. ಮದುವೆಯಾದಾಗಿನಿಂದ ಸೂಜಿಗೆ ದಾರ ಪೋಣಿಸಲು ಅವನನ್ನೇ ಕೂಗುತ್ತಿದ್ದಳು, ಈಗ ಕೂಗುವುದನ್ನು ನಿಲ್ಲಿಸಿದ್ದಳು. ಕೇಳಲಿಲ್ಲ, ಬೈಯಲಿಲ್ಲ, ನಿಲ್ಲಿಸಿದಳು ಅಷ್ಟೆ. ದಾರ ಪೋಣಿಸಿಕೊಡುವ ಒಂದು ಪುಟ್ಟ ತಗಡಿನ ಚೂರನ್ನು ತರಿಸಿಟ್ಟುಕೊಂಡಿದ್ದಾಳೆಂಬುದು ಅವನಿಗೆ ಗೊತ್ತಾದದ್ದು ಮೇಜಿನ ಮೇಲೆ ಕನ್ನಡಕಕ್ಕಾಗಿ ಕೈಯಾಡಿಸುವಾಗ. ಬೆರಳಿಗೆ ಸಿಕ್ಕ ಆ ತಗಡನ್ನು ಅವನು ಸದ್ದಿಲ್ಲದೆ ಇದ್ದಲ್ಲೇ ಇಟ್ಟ. ಕಳೆದ ವಾರ ಇಲ್ಲಿ, ಬಾಗಿಲ ಹಿಂದೆ ನೇತುಹಾಕಿದ್ದ ಬಿಳಿ ಕೋಟಿಗೆ ‘ಗುಡ್ ಮಾರ್ನಿಂಗ್ ಮೇಡಂ’ ಎಂದಿದ್ದ. ಬೆನ್ನ ಹಿಂದಿನಿಂದ ಡಾಕ್ಟರ ದನಿ ‘ಗುಡ್ ಮಾರ್ನಿಂಗ್’ ಎಂದಾಗ, ಏನೋ ಹುಡುಕುತ್ತಿದ್ದವನ ಹಾಗೆ ಕೋಟಿನ ಜೇಬಿಗೆ ಕೈ ಹಾಕಿ, ಇನ್ನೊಬ್ಬರ ಜೇಬಿಗೆ ಕೈ ಹಾಕಿದ ಮಾನಗೇಡನ್ನೂ ಮೈಮೇಲೆ ಎಳೆದುಕೊಂಡಿದ್ದ. ಡಾಕ್ಟರು ನಕ್ಕರು, ಅವನ ಕಣ್ಣನ್ನು ಅನುಮಾನಿಸಲಿಲ್ಲ.

ಏಕೆಂದರೆ ಅವನಿಗೆ ಇಲ್ಲಿ ದುರ್ಬೀನು ಎಂದು ಹೆಸರು. ಕಚೇರಿಯಲ್ಲಿ ಅವನ ನಿಜವಾದ ಹೆಸರನ್ನು ಸಂಬಳದ ಪಟ್ಟಿಯೊಂದನ್ನು ಬಿಟ್ಟರೆ ಎಲ್ಲರೂ ಮರೆತಿದ್ದರು. ಉಳಿದವರು ಮೈಕ್ರೋಸ್ಕೋಪಿನ ತಿರುಪನ್ನು ತಿರುಗಿಸಿ ತಿರುಗಿಸಿ ಕಣ್ಣುಜ್ಜಿಕೊಳ್ಳುವಾಗ ಅವನು ಬಂದು, ಒಂದು ಸಲ ಬಗ್ಗಿ, ‘ಎಡಗಡೆ ಮೂಲೇಲಿ ಎರಡು ಬಿಟ್ಟಿದೀರಿ’ ಎಂದು ಹೇಳಿ ಟೀ ಕುಡಿಯಲು ಹೋಗುತ್ತಿದ್ದ ಕಾಲವಿತ್ತು. ಆ ಕಾಲದಲ್ಲಿ ಅವನಿಗೆ ತನ್ನ ಕಣ್ಣಿನ ಮೇಲೆ ಜಂಬವಿತ್ತೇ? ಇತ್ತು, ಇಲ್ಲವೆಂದರೆ ಸುಳ್ಳು. ಕಣ್ಣನ್ನು ತಾನೇ ಸಂಪಾದಿಸಿದ್ದು ಎಂಬಂತೆ ಆಡುತ್ತಿದ್ದ. ಆ ಜಂಬವೇ ಮಳೆಗಾಲದ ಒಂದು ಮಧ್ಯಾಹ್ನ, ಕಣ್ಣಿಟ್ಟರೆ ಬರಿ ಮಂಜು ಕಾಣುತ್ತಿದ್ದಾಗ, ಇವತ್ತೊಂದು ದಿನಕ್ಕೆ ಎಂದುಕೊಂಡು ಅವನ ಕೈಯನ್ನು ಡಬ್ಬಿಗೆ ಹಾಕಿಸಿತ್ತು. ಆವತ್ತು ಡಾಕ್ಟರು ಎರಡೂ ಚೀಟಿ ಬಿಚ್ಚಿ, ‘ನೋಡಿ, ನಾಲ್ಕು ಕಣ್ಣು, ಒಂದೇ ನೋಟ’ ಎಂದು ಹೊಗಳಿದರು. ಮೂವತ್ತು ವರ್ಷ ನಿಜವಾಗಿ ಎಣಿಸಿದಾಗ ಬಾರದ ಹೊಗಳಿಕೆ! ಮರುದಿನ ಹೇಳೋಣವೆಂದರೆ ಮರುದಿನ ಇನ್ನೊಂದು ಚೀಟಿ. ಒಂದನೇ ಬಯಲು ಶುದ್ಧವೆಂದು ಬರೆದುಕೊಟ್ಟರೂ ಅಲ್ಲಿ ಮೇಯುವ ಆಡುಗಳು ಕೆಮ್ಮುತ್ತಿವೆ ಎಂದು ಕಾಯುವವನು ಬಂದು ಎರಡು ಸಲ ಹೇಳಿ ಹೋಗಿದ್ದ. ‘ಚಳಿಗೆ ಇರ್ಬೇಕು’ ಎಂದರು ಡಾಕ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನು ಆ ಎರಡೂ ಸಲ ಕನ್ನಡಕ ತೆಗೆದು ಒರೆಸಿದ್ದ.

ಆದರೂ ಆ ಹುಳುವಿನ ಮೇಲೆ ಅವನಿಗಿದ್ದ ಮೋಹ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಕಾಣದ ಮೇಲೆ ಹೆಚ್ಚೇ ಆಗಿತ್ತು. ಆಡು ಕೆಮ್ಮಿದಾಗ ಗಂಟಲಿಗೆ ಬಂದು, ನುಂಗಿದಾಗ ಹೊಟ್ಟೆಗೆ ಇಳಿದು, ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮರಿ. ಕಣ್ಣಿಲ್ಲ, ಕಾಲಿಲ್ಲ, ಬಂಧುಬಳಗವಿಲ್ಲ. ಒದ್ದೆ ಹುಲ್ಲಿನಲ್ಲಿ ಯಾವುದೋ ಬಸವನಹುಳು ತನ್ನ ಪಾಡಿಗೆ ತಾನು ತೆವಳಿಕೊಂಡು ಹೋಗುವಾಗ ಅದರ ಅಂಗಾಲನ್ನು ಕೊರೆದು ಒಳಹೊಗುತ್ತದೆ. ಅಲ್ಲಿ ತಿಂದು ಕೊಬ್ಬುವುದಿಲ್ಲ, ಮನೆಯ ಯಜಮಾನನನ್ನು ಕೊಲ್ಲುವುದೂ ಇಲ್ಲ. ವಾರಗಟ್ಟಲೆ ಸುರುಳಿ ಸುತ್ತಿಕೊಂಡು ಮಲಗಿ, ಎರಡು ಸಲ ಚರ್ಮ ಕಳಚುತ್ತದೆ. ಕಳಚಿದ್ದನ್ನು ಎಸೆಯುವುದಿಲ್ಲ, ಎರಡನ್ನೂ ಮೈಮೇಲೆ ಹೊದ್ದುಕೊಂಡು ಕಾಯುತ್ತದೆ. ಯಾವ ಆಡು, ಯಾವತ್ತು, ಯಾವ ಹುಲ್ಲಿನ ಎಸಳಿನೊಂದಿಗೆ ಈ ಬಸವನಹುಳುವನ್ನು ಅಗಿಯುತ್ತದೋ ಯಾರಿಗೆ ಗೊತ್ತು! ಬರದೆಯೂ ಇರಬಹುದು. ಇವನಿಗೆ ಕೆಲಸ ಕಲಿಸಿದ ಹಳೆಯ ಯಜಮಾನರು, ‘ಎರಡು ಅಂಗಿ ಹಾಕ್ಕೊಂಡಿದ್ರೆ ನಮ್ಮದು, ಬರಿಮೈಯಲ್ಲಿದ್ರೆ ಮಣ್ಣಿನದು, ಮಣ್ಣಿನ ಹುಳು ಯಾರಿಗೂ ಏನೂ ಮಾಡಲ್ಲ, ಅದರ ಪಾಡಿಗೆ ಬಿಟ್ಬಿಡು’ ಎಂದು ತೋರಿಸಿದ ದಿನ ಅವನು ಇಪ್ಪತ್ತೈದರ ಹುಡುಗ. ಆವತ್ತು ಮನೆಗೆ ಹೋಗಿ ಹೊಸ ಹೆಂಡತಿಗೆ ಈ ಅಂಗಿಗಳ ಕತೆ ಹೇಳಿದ್ದ, ಅವಳು ಊಟದ ತಟ್ಟೆಯನ್ನು ಅತ್ತ ಸರಿಸಿದ್ದಳು. ಎಷ್ಟು ಬುದ್ಧಿ, ಎಷ್ಟು ತಾಳ್ಮೆ ಎಂದು ಅವನು ಬೆರಗಾಗಿದ್ದ. ಇವತ್ತಿಗೂ ಆ ಬೆರಗು ಹೋಗಿಲ್ಲ.

ಇವತ್ತು ಕೈ ತೊಳೆದು ಬಂದಾಗ ಕೋಣೆ ಖಾಲಿಯಾಗಿರಲಿಲ್ಲ. ಅವಳ ಸ್ಟೂಲು ಕಿರುಗುಟ್ಟಿತು. ಅವಳನ್ನು ಕಚೇರಿಯಲ್ಲಿ ಟೆಂಪರರಿ ಎಂದು ಕರೆಯುತ್ತಾರೆ. ಹಿಕ್ಕೆ ಪರೀಕ್ಷೆಯ ವಿಭಾಗದಲ್ಲಿ ನಾಲ್ಕೂವರೆ ವರ್ಷ, ಈ ಮೇಜಿನಲ್ಲಿ ಆರು ತಿಂಗಳು, ಒಟ್ಟು ಐದು ವರ್ಷದಿಂದ ಟೆಂಪರರಿ. ಇವಳಿಗಿಂತ ಆಮೇಲೆ ಬಂದ ಗೋಡೆಯ ಬಣ್ಣವೂ ಪರ್ಮನೆಂಟ್ ಆಯಿತು ಎಂದು ಜವಾನ ನಗೆಯಾಡುತ್ತಾನೆ. ಇವತ್ತು ಎರಡೂವರೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ತಾವೇ ತಂದ ಐದು ಗಾಜಿನ ಸ್ಲೈಡುಗಳನ್ನು ಕೊಡುತ್ತಾರೆ, ಅವಳು ಐದನ್ನೂ ಸರಿಯಾಗಿ ಎಣಿಸಿದರೆ ಕೆಲಸ ಖಾಯಂ. ತಪ್ಪಿದರೆ ಈ ತಿಂಗಳ ಕೊನೆಗೆ ಮನೆಗೆ.

‘ಊಟಕ್ಕೆ ಹೋಗಲ್ವೇನಮ್ಮಾ?’ ಎಂದ ಅವನು.

‘ಅನ್ನ ಗಂಟಲಲ್ಲಿ ಇಳಿಯಲ್ಲ ಸರ್ ಇವತ್ತು. ನಾನು ಜೋರಾಗಿ ಹೇಳ್ತಾ ಎಣಿಸ್ತೀನಿ, ನೀವು ಕೂತ್ಕೊಂಡು ಕೇಳಿಸ್ಕೊಳ್ಳಿ. ತಪ್ಪಿದ್ರೆ ತಲೆ ಮೇಲೆ ಕುಟ್ಟಿ.’

ಅವನು ಕೂತ. ಬಸವನಹುಳುವಿನ ಚಿಪ್ಪು ಒಡೆದ ಸದ್ದು, ಕತ್ತರಿಯ ಸದ್ದು, ಎರಡು ದಪ್ಪ ಗಾಜುಗಳ ನಡುವೆ ಪಾದದ ಮಾಂಸವನ್ನಿಟ್ಟು ಮೂಲೆಯ ತಿರುಪು ಬಿಗಿ ಮಾಡುವ ಸದ್ದು. ಎಷ್ಟು ಚುರುಕು ಕೈ, ಒಂದು ಸದ್ದೂ ಹೆಚ್ಚಿಲ್ಲ! ಇವಳ ಕಣ್ಣನ್ನು ನೆನೆದಾಗೆಲ್ಲ ಅವನಿಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗುತ್ತಿರಲಿಲ್ಲ. ಆರು ತಿಂಗಳಿಂದ ಇವಳ ಕಣ್ಣಿನಲ್ಲೇ ತಾನು ನೋಡುತ್ತಿದ್ದೇನೆ. ಇವಳು ಗೆದ್ದರೆ ತಾನೇ ಗೆದ್ದ ಹಾಗೆ ಎಂದು ಅವನು ಒಳಗೊಳಗೆ ಹಿಗ್ಗುತ್ತಿದ್ದ. ಇವಳಿಗೆ ಕೆಲಸ ಖಾಯಂ ಆದರೆ ತಾನು ಆರೋಗ್ಯದ ನೆಪ ಹೇಳಿ ಬೇಗ ನಿವೃತ್ತಿ ತೆಗೆದುಕೊಳ್ಳುವುದೆಂದೂ, ಆಗ ದುರ್ಬೀನು ಎಂಬ ಹೆಸರು ಹೊಳಪು ಮಾಸದೆ ಹಾಗೇ ಉಳಿಯುತ್ತದೆಂದೂ ಲೆಕ್ಕ ಹಾಕಿದ್ದ.

‘ಮೂರನೇ ಬಯಲಿನದು ಸರ್. ಇಲ್ಲೊಂದಿದೆ ನಮ್ಮದು. ಬೆಳ್ಳಗೆ, ಬರಿಮೈ, ಒಳ್ಳೇ ಚಾಟಿ ಬೀಸಿದ ಹಾಗೆ ಹೊರಳಾಡ್ತಿದೆ. ಬಾಲ ನೂಲಿನ ಹಾಗೆ ಸಣ್ಣಗಾಗ್ತಾ ಹೋಗಿದೆ. ಒಂದು. ಪಕ್ಕದಲ್ಲಿ ಇನ್ನೊಂದು. ಎರಡು. ಇಲ್ಲಿ ಕಂದು ಬಣ್ಣದ ಸುರುಳಿ, ಸುತ್ತ ಸಿಪ್ಪೆ ಸಿಪ್ಪೆ. ಇದು ಹುಳು ಅಲ್ಲ, ಮಾಂಸದ ಗಂಟು. ಬಿಟ್ಟೆ. ಇನ್ನೊಂದು ಗಂಟು, ಅದನ್ನೂ ಬಿಟ್ಟೆ.’

ಮೊದಲು ಅವನಿಗೆ ತಾನು ಕೇಳಿಸಿಕೊಂಡದ್ದೇ ತಪ್ಪೆನ್ನಿಸಿತು. ಆಮೇಲೆ ಅರ್ಥವಾಯಿತು. ಎಣಿಸಬೇಕಾದದ್ದನ್ನು ಬಿಡುತ್ತಿದ್ದಾಳೆ, ಬಿಡಬೇಕಾದದ್ದನ್ನು ಎಣಿಸುತ್ತಿದ್ದಾಳೆ. ಮಣ್ಣಿನ ಹುಳು ಹೆಚ್ಚಿದ್ದ ಮೂರನೇ ಬಯಲಿಗೆ ಬೇಲಿ ಹಾಕಿಸಿದ್ದಾರೆ. ನಿಜವಾದ ಮರಿಗಳಿದ್ದ ಒಂದನೇ ಬಯಲಿಗೆ ಆಡುಗಳನ್ನು ಹೊಡೆದಿದ್ದಾರೆ. ಆ ಕೆಮ್ಮು! ಇವಳ ತಪ್ಪಲ್ಲ ಎಂದುಕೊಂಡ. ಹೌದೇ? ಇವಳದೇ ತಪ್ಪು, ಎಂದುಕೊಂಡು ಒಂದು ಕ್ಷಣ ಹಗುರಾದ, ಹಗುರಾದದ್ದಕ್ಕೆ ನಾಚಿಕೆಪಟ್ಟ. ಗಡಿಯಾರದ ನಡುವಿನ ಮುಳ್ಳು ಕಾಣುತ್ತಿರಲಿಲ್ಲ, ಅಂಚಿನ ಅಂಕಿಗಳು ಕಾಣುತ್ತಿದ್ದವು. ಒಂದೂವರೆ ದಾಟಿರಬೇಕು. ತಿದ್ದಿಬಿಡುವುದು ಎಷ್ಟು ಹೊತ್ತಿನ ಕೆಲಸ, ಎರಡು ಮಾತು. ಹಿರಿಯನ ಹಾಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡ.

‘ಆ ಗಂಟು ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ನೋಡು.’

‘ನೋಡಿದೆ ಸರ್. ಗಂಟೇ.’

‘ಅಲ್ಲಮ್ಮಾ. ಅದೇ ನಮ್ಮ ಹುಳು. ನೀನು ಎಣಿಸ್ತಿರೋದು ಮಣ್ಣಿನದು. ಇವತ್ತು ಪರೀಕ್ಷೇಲಿ ಗಂಟನ್ನ ಎಣಿಸು, ಉಳಿದದ್ದನ್ನ ಬಿಡು.’

ಅವಳು ನಕ್ಕಳು. ‘ನನ್ನನ್ನ ಪರೀಕ್ಷೆ ಮಾಡ್ತಿದೀರಿ ಅಲ್ವಾ? ಪರೀಕ್ಷಕರೂ ಹೀಗೇ ಗೊಂದಲ ಮಾಡ್ತಾರಂತೆ, ಹೆದರಬಾರದಂತೆ.’

‘ತಮಾಷೆ ಅಲ್ಲ.’

‘ಹೇಗೆ ಸರ್ ಅದು? ಮೊದಲ ದಿನ ನೀವು ಅಂಗಿ ನೋಡು, ಅಂಗಿ ನೋಡು ಅಂದ್ರಿ. ಅಂಗಿ ಅಂದ್ರೇನು ಅಂತ ಕೇಳೋಕೆ ನನಗೆ ಭಯ. ದುರ್ಬೀನು ಸರ್ ಹತ್ರ ಇಷ್ಟೂ ಗೊತ್ತಿಲ್ಲ ಅಂತ ಹೇಗೆ ಹೇಳೋದು? ಹೇಗೋ ಎಣಿಸಿ ಹಾಕಿದೆ. ಸಂಜೆ ತನಕ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಮೇಡಂ ಚೀಟಿ ಬಿಚ್ಚಿದ್ರು, ನನ್ನದು ಹದಿನಾಲ್ಕು, ನಿಮ್ಮದೂ ಹದಿನಾಲ್ಕು. ಆವತ್ತಿಂದ ಧೈರ್ಯ ಬಂತು. ಆರು ತಿಂಗಳಿಂದ ನೀವು ಎಣಿಸಿದ್ದನ್ನೇ ನಾನೂ ಎಣಿಸ್ತಿದೀನಿ. ನಾನು ತಪ್ಪು ಅಂದ್ರೆ ನೀವೂ ತಪ್ಪು ಅಂತ ಆಯ್ತಲ್ಲ ಸರ್!’

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ. ಪ್ರತಿದಿನ ಮಧ್ಯಾಹ್ನ ಅವನು ಕೈ ತೊಳೆದುಕೊಂಡು ಕಟ್ಟಿದ್ದ. ಅವಳ ತಪ್ಪನ್ನು ಪ್ರತಿ ಸಂಜೆ ನಾಲ್ಕು ಗಂಟೆಗೆ ಡಾಕ್ಟರ ಎದುರು ಸರಿ, ಸರಿ ಎಂದು ಹೊಡೆದು ಹೊಡೆದು ಗಟ್ಟಿ ಮಾಡಿದವನು ತಾನು. ಯಾವ ಮೇಷ್ಟರೂ ಇಷ್ಟು ಶ್ರದ್ಧೆಯಿಂದ ತಪ್ಪು ಕಲಿಸಿರಲಾರ. ಈಗ ಇವಳನ್ನು ತಿದ್ದಬೇಕಾದರೆ ಅದನ್ನು ಹೇಳಬೇಕು. ಅದನ್ನು ಹೇಳದೆ ತಿದ್ದುವ ದಾರಿಯಿಲ್ಲ. ಇಲ್ಲವೇ? ‘ಹಿರಿಯ ಹೇಳ್ತಿದೀನಿ, ಕೇಳು’ ಎಂದು ಗದರಿಸಿದರೆ? ಗದರಿಸಿದರೆ ಹೂಂ ಎಂದಾಳು, ಒಳಗೆ ಹೋಗಿ ಐದು ಗಾಜಿನ ಎದುರು ಕೂತಾಗ ಆರು ತಿಂಗಳ ಅಭ್ಯಾಸವನ್ನೇ ನಂಬುತ್ತಾಳೆ. ಯಾರಾದರೂ ನಂಬುತ್ತಾರೆ. ಸುಮ್ಮನಿದ್ದರೆ? ಇವಳು ತಿಂಗಳ ಕೊನೆಗೆ ಹೋಗುತ್ತಾಳೆ, ‘ಪಾಪ, ಪರೀಕ್ಷೇಲಿ ಗಾಬರಿಯಾದಳು’ ಎಂದು ಎಲ್ಲರೂ ಅನ್ನುತ್ತಾರೆ, ತಾನೂ ಅನ್ನಬಹುದು. ಆ ಮಾತನ್ನು ಹೇಳುವ ತನ್ನ ಮರುಕದ ದನಿ ಅವನಿಗೆ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ ಅವನಿಗೆ ಅಸಹ್ಯವಾಯಿತು.

‘ನಾನು ಎಣಿಸ್ತಿರಲಿಲ್ಲ’ ಎಂದ. ‘ನನಗೆ ಕಾಣಿಸಲ್ಲ. ನೀನು ಊಟಕ್ಕೆ ಹೋದಾಗ ನಿನ್ನ ಚೀಟಿ ನೋಡಿ ಬರೀತಿದ್ದೆ.’

ಅವಳು ಎದ್ದಳು. ಸ್ಟೂಲು ಹಿಂದಕ್ಕೆ ಸರಿಯಿತು, ಗಾಜಿನ ಪೆಟ್ಟಿಗೆಯ ಮುಚ್ಚಳ ತೆರೆಯಿತು, ಮೈಕ್ರೋಸ್ಕೋಪಿನ ಮೇಲೆ ಗಾಜು ಕೂತ ಸದ್ದಾಯಿತು. ‘ಇದರಲ್ಲಿ ಎಷ್ಟಿದೆ ಹೇಳಿ’ ಎಂದಳು. ದನಿಯಲ್ಲಿ ಇನ್ನೂ ನಂಬಿಕೆಯ ಒಂದು ಎಳೆ ಇತ್ತು. ಅವನು ಬಗ್ಗಿದ. ಆರು ತಿಂಗಳಲ್ಲಿ ಮೊದಲ ಬಾರಿಗೆ, ಕಾಣುವವನ ಹಾಗೆ ನಟಿಸದೆ, ಏನು ಕಾಣುತ್ತದೋ ಅದನ್ನೇ ನೋಡಿದ. ನಡುವೆ ಬೂದಿ, ಸುತ್ತ ಬೆಳಕಿನ ಬಳೆ, ಅಂಚಿನಲ್ಲಿ ಏನೋ ಕಪ್ಪು ಗೆರೆ. ‘ಏನೋ ಒಂದು ಗೆರೆ ಇದ್ದ ಹಾಗಿದೆ’ ಎಂದ.

‘ಅದು ನಿಮ್ಮ ರೆಪ್ಪೆ’ ಎಂದಳು ಅವಳು. ‘ಖಾಲಿ ಗಾಜು ಇಟ್ಟಿದೀನಿ.’

ಆಮೇಲೆ ಅವಳು ಕೂಗಾಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡು ಎಳೆದರು. ‘ಐದು ವರ್ಷದಲ್ಲಿ ನನ್ನ ಕೈಲಿ ಒಂದು ಕೆಲಸ ಚೆನ್ನಾಗಿ ಬರುತ್ತೆ ಅಂತ ಈ ಆರು ತಿಂಗಳಲ್ಲಿ ಅನ್ನಿಸಿತ್ತು’ ಎಂದಳು, ಯಾರಿಗೋ ಹೇಳುವ ಹಾಗೆ. ‘ಮನೇಲೆಲ್ಲ ಹೇಳ್ಕೊಂಡಿದ್ದೆ, ಸರ್‌ದೂ ನನ್ನದೂ ಒಂದೇ ಲೆಕ್ಕ ಬರುತ್ತೆ ಅಂತ. ಅಮ್ಮ ಅಕ್ಕಪಕ್ಕದವರಿಗೂ ಹೇಳಿದಾಳೆ.’ ಕ್ಷಮಿಸು ಎಂಬುದು ಅವನ ಬಾಯಿಗೆ ಬಂದರೂ ಅದು ತನಗೇ ಒಂದು ಸೌಕರ್ಯ ಎನ್ನಿಸಿ ನುಂಗಿದ. ಅವಳು ಮೂಗು ಸೀಟಿಕೊಂಡಳು. ಟಪಟಪ ಹೆಜ್ಜೆ ಹಾಕಿ ಬಂದು ಸ್ಟೂಲಿನ ಮೇಲೆ ಕೂತಳು. ‘ಅಳೋಕೆ ಸಂಜೆ ಪುರುಸೊತ್ತಿದೆ. ಅಂಗಿ ಎಲ್ಲಿದೆ, ತೋರಿಸಿ’ ಎಂದಳು. ಇಂಥ ಹೊತ್ತಿನಲ್ಲಿ ಈ ಮಾತು ಬರಬೇಕಾದರೆ ಎಂಥ ಎದೆ ಬೇಕು ಎಂದು ಅವನು ಬೆಕ್ಕಸಬೆರಗಾದ.

‘ತೋರಿಸೋಕೆ ಆಗಲ್ಲ. ಹೇಳ್ತೀನಿ. ಆ ಗಂಟನ್ನ ನಡುವೆ ತಗೋ. ಬೆಳಕು ಕಡಿಮೆ ಮಾಡು. ಇನ್ನೂ ಕಡಿಮೆ. ಹೆಚ್ಚು ಬೆಳಕಿನಲ್ಲಿ ಅದು ಕಾಣಲ್ಲ, ನಾಚಿಕೆ ಸ್ವಭಾವ. ಈಗ ಸಣ್ಣ ತಿರುಪನ್ನ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ. ಸುರುಳಿಯನ್ನ ನೋಡಬೇಡ, ಅದರ ಹೊರಅಂಚಿಗೆ ಒತ್ತಿಕೊಂಡು ಏನಿದೆ ನೋಡು.’

‘ಏನೂ ಇಲ್ಲ.’

‘ಇದೆ. ತಿರುಪು ನಿಲ್ಲಿಸಬೇಡ. ತಲೆಯ ತುದಿಯಲ್ಲಿ ಒಂದಿಷ್ಟು ಸಡಿಲವಾಗಿರುತ್ತೆ, ದೊಡ್ಡವರ ಅಂಗಿ ಹಾಕ್ಕೊಂಡ ಮಗುವಿನ ತೋಳಿನ ಹಾಗೆ. ತುದಿ ಖಾಲಿ. ಅದರೊಳಗೆ ಇನ್ನೊಂದು. ಬಾಲ ನೂಲಾಗಿರಲ್ಲ, ಮೊಂಡು.’ ಅವನ ಬೆರಳುಗಳು ಗಾಳಿಯಲ್ಲಿ ತಿರುಪು ತಿರುಗಿಸುತ್ತಿದ್ದವು. ಹೇಳುತ್ತ ಹೇಳುತ್ತ ಅವನಿಗೆ ಹುಳು ಕಂಡಿತು: ಕಂದು ಮೈ, ಮೇಲೊಂದು ತೆಳು ಪೊರೆ, ಅದರ ಮೇಲೆ ಮತ್ತೊಂದು. ಮೂವತ್ತೊಂದು ವರ್ಷ ನೋಡಿದ್ದು ಎಲ್ಲಿಗೆ ಹೋದೀತು? ಅದು ಕಣ್ಣಿನಲ್ಲಿ ಇರಲೇ ಇಲ್ಲವೇನೋ. ಅವಳ ತಿರುಪಿನ ಸದ್ದು ನಿಂತಿತು.

‘ಅಯ್ಯೋ’ ಎಂದಳು ಕೊನೆಗೆ, ಮೆಲ್ಲಗೆ. ‘ಎರಡಿದೆ. ಒಂದರ ಒಳಗೊಂದು. ಸರ್, ಇದು ಎಷ್ಟು ಚೆನ್ನಾಗಿದೆ!’

‘ಹೌದಲ್ವಾ?’ ಎಂದ ಅವನು, ತನ್ನ ಸ್ಥಿತಿ ಮರೆತು.

‘ಇಷ್ಟು ದಿನ ಇದನ್ನ ಕಸ ಅಂತ ಬಿಡ್ತಿದ್ದೆ.’ ಅಷ್ಟು ಹೇಳಿದವಳೇ ಮತ್ತೆ ಬಿಗಿಯಾದಳು. ಮೂರು ಬಸವನಹುಳು ಕತ್ತರಿಸಿದಳು, ಎಣಿಸಿದಳು. ಎರಡೂ ಇಪ್ಪತ್ತಕ್ಕೆ ಎದ್ದು ಕೈ ತೊಳೆದುಕೊಂಡು, ಬಾಗಿಲಲ್ಲಿ ನಿಂತು ಹೇಳಿದಳು: ‘ನೀವು ಮಾಡಿದ್ದನ್ನ ನಾನು ಹೇಳಲ್ಲ. ಹೇಳೋದಾದ್ರೆ ನೀವೇ ಹೇಳ್ಬೇಕು.’

ಪರೀಕ್ಷಕರು ಡಾಕ್ಟರ ಕೋಣೆಯಲ್ಲಿ ಕೂತಿದ್ದರು. ತೆಳ್ಳನೆಯ ದನಿಯ, ನಿಧಾನದ ಮನುಷ್ಯ. ಅವಳಿಗೆ ಐದು ಗಾಜು ಕೊಟ್ಟು, ತಮ್ಮ ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಅವನು ಗೋಡೆಗೆ ಒರಗಿ ನಿಂತು ತಿರುಪಿನ ಸದ್ದು ಕೇಳಿದ. ಬೆಳಕು ಕಡಿಮೆ ಮಾಡುವ ಸಣ್ಣ ಹಿಡಿಯನ್ನು ಅವಳು ಎಳೆದದ್ದೂ ಕೇಳಿಸಿತು. ಅವಳು ಐದು ಅಂಕಿ ಬರೆದು, ಕಾಗದ ಮಡಚಿ ಇಟ್ಟಳು. ಪರೀಕ್ಷಕರು ಅದಕ್ಕೆ ಕೈ ಚಾಚಿದಾಗ ಡಾಕ್ಟರು ತಡೆದರು. ‘ಒಂದು ನಿಮಿಷ. ನಮ್ಮಲ್ಲಿ ಎರಡು ಚೀಟಿ ಪದ್ಧತಿ. ನಮ್ಮ ದುರ್ಬೀನೂ ನೋಡ್ಲಿ. ಆರು ತಿಂಗಳಿಂದ ಇವರಿಬ್ಬರ ಲೆಕ್ಕದಲ್ಲಿ ಒಂದೆರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದಿಲ್ಲ, ನೀವೇ ನೋಡಿ.’ ಆ ಹೆಮ್ಮೆ ಅವರ ದನಿಯಲ್ಲಿ ತುಂಬಿ ತುಳುಕುತ್ತಿತ್ತು. ಅವನನ್ನು ಕುರ್ಚಿಗೆ ಕರೆದರು. ಅವನು ಕೂತ. ಬಗ್ಗಲಿಲ್ಲ.

‘ನನಗೆ ಕಾಣಲ್ಲ ಮೇಡಂ’ ಎಂದ. ‘ಮಳೆಗಾಲದಿಂದ ಕಾಣ್ತಿಲ್ಲ. ಇವಳ ಚೀಟಿ ನೋಡಿ ಬರೆದು ಹಾಕ್ತಿದ್ದೆ.’

ಡಾಕ್ಟರು ನಗಲು ಹೊರಟು ನಿಲ್ಲಿಸಿದರು. ತಾನು ಇದಕ್ಕೆ ಎಷ್ಟೊಂದು ಹೆದರಿದ್ದೆ ಎಂದು ಅವನಿಗೆ ಆಶ್ಚರ್ಯವಾಯಿತು. ಹೇಳಿ ಮುಗಿಯಿತು, ಗೋಡೆ ಬೀಳಲಿಲ್ಲ. ಈಗ ಇವಳ ಕಾಗದ ಬಿಚ್ಚುತ್ತಾರೆ, ಐದಕ್ಕೆ ಐದು ಬರುತ್ತದೆ, ತನ್ನದೇನಾದರೂ ಆಗಲಿ ಎಂದು ಅವನು ಅಂದುಕೊಂಡ. ‘ಹಾಗಾದ್ರೆ ಆರು ತಿಂಗಳ ಲೆಕ್ಕ ಒಬ್ಬಳದೇ’ ಎಂದರು ಡಾಕ್ಟರು ಕೊನೆಗೆ, ಬಹಳ ನಿಧಾನವಾಗಿ. ‘ಹೋಗ್ಲಿ, ಅವಳದಾದ್ರೂ ಸರಿ ಇದೆಯಲ್ಲ.’

‘ಸರಿ ಇಲ್ಲ ಮೇಡಂ’ ಎಂದಳು ಅವಳು.

ಅವನು ಥಟ್ಟನೆ ಅತ್ತ ತಿರುಗಿದ. ಸುಮ್ಮನಿರು ಎಂದು ಹೇಳಬೇಕೆನ್ನಿಸಿತು. ಅವಳು ಒಂದೇ ಉಸಿರಿಗೆ ಹೇಳಿದಳು: ‘ನಾನು ಮಣ್ಣಿನ ಹುಳು ಎಣಿಸ್ತಿದ್ದೆ, ನಮ್ಮದನ್ನ ಬಿಡ್ತಿದ್ದೆ. ಇವತ್ತು ಊಟದ ಹೊತ್ತಿಗೆ ಗೊತ್ತಾಯ್ತು, ಸರ್ ಹೇಳಿಕೊಟ್ರು. ಒಂದನೇ ಬಯಲಲ್ಲಿ ಹುಳು ಇದೆ. ಆಡುಗಳನ್ನ ಇವತ್ತೇ ಹೊರಗೆ ಹೊಡೆಸಿ.’

‘ಕಲಿಸಬೇಕಾದವನು ನಾನು’ ಎಂದು ಅವನು ಬಾಯಿ ಹಾಕಿದ. ‘ದಿನಾ ಸರಿ ಸರಿ ಅಂತ ಚೀಟಿ ಹಾಕಿದವನೂ ನಾನೇ. ತಪ್ಪು ನನ್ನದು.’

ಡಾಕ್ಟರು ಅವನ ಕಡೆ ನೋಡಲಿಲ್ಲ ಎಂದು ಅವರ ದನಿ ಹೋದ ದಿಕ್ಕಿನಿಂದ ತಿಳಿಯಿತು. ‘ಇದನ್ನ ನೀನು ನಾಳೆ ಹೇಳಿದ್ರೆ ಇವತ್ತು ನಿನ್ನ ಕೆಲಸ ಖಾಯಂ ಆಗಿರ್ತಿತ್ತು’ ಎಂದರು ಅವಳಿಗೆ.

‘ಗೊತ್ತು ಮೇಡಂ. ಆಡುಗಳು ರಾತ್ರಿಯೆಲ್ಲ ಅಲ್ಲೇ ಮೇಯ್ತಾ ಇರ್ತಿದ್ವಲ್ಲ.’

ಪರೀಕ್ಷಕರು ಅವಳ ಕಾಗದ ಬಿಚ್ಚಿ, ತಮ್ಮ ಲಕೋಟೆ ಹರಿದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರು. ‘ಐದಕ್ಕೆ ಐದು’ ಎಂದರು. ‘ನಾನು ಇಷ್ಟನ್ನೇ ಬರೆಯೋದು. ಉಳಿದದ್ದು ನಿಮ್ಮ ಕಚೇರಿಯ ವಿಷಯ.’ ಡಾಕ್ಟರು ಫೋನೆತ್ತಿ ಬಯಲಿನ ಕಾವಲಿನವನಿಗೆ ಆಡುಗಳನ್ನು ಹೊರಗೆ ಹೊಡೆಯಲು ಹೇಳಿದರು. ಆಮೇಲೆ ಬೀರುವಿನ ಕೀ ಕೇಳಿದರು. ಅವನು ಸೊಂಟದ ಗೊಂಚಲಿನಿಂದ ಬಿಡಿಸಿ ಕೊಟ್ಟ. ಇಪ್ಪತ್ತು ವರ್ಷ ಅಲ್ಲಿದ್ದ ಕೀ, ಬರಲು ಸ್ವಲ್ಪ ಹಟ ಮಾಡಿತು. ಡಾಕ್ಟರು ಅದನ್ನು ಅವಳ ಮುಂದೆ ಇಟ್ಟರು. ‘ಆರು ತಿಂಗಳ ಗಾಜು ಅಷ್ಟೂ ಒಳಗಿದೆ. ಒಂದನೇ ಬಯಲಿನಿಂದ ಶುರು ಮಾಡು. ಎಣಿಸಿ ಮುಗಿಯೋವರೆಗೂ ನಿನ್ನನ್ನ ಯಾರೂ ಕಳಿಸೋ ಹಾಗಿಲ್ಲ. ಆಮೇಲಿನದು ಆಮೇಲೆ.’ ಅವನ ಬಗ್ಗೆ ಏನೂ ಹೇಳಲಿಲ್ಲ. ಆ ಮಾತಿಗೂ ಒಂದು ದಿನ ಬರುತ್ತದೆಂದು ಅವನಿಗೆ ಗೊತ್ತಿತ್ತು.

ಅವಳು ಕೀ ತೆಗೆದುಕೊಂಡು ಎದ್ದಳು. ಅವನೂ ಎದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಅವಳ ಹೆಜ್ಜೆಯ ಸದ್ದಿನ ಹಿಂದೆ ನಡೆದ. ತನಗಿಂತ ಮೂವತ್ತು ವರ್ಷ ಚಿಕ್ಕವಳ ಮೇಲೆ ಇಷ್ಟೊಂದು ಗೌರವ ತನ್ನೊಳಗೆ ಉಕ್ಕಬಹುದೆಂದು ಅವನು ಯಾವತ್ತೂ ಎಣಿಸಿರಲಿಲ್ಲ. ಏನಾದರೂ ಹೇಳಬೇಕು, ಏನು ಹೇಳಿದರೂ ಚಿಕ್ಕದಾಗುತ್ತದೆ. ಕಾರಿಡಾರಿನ ಕೊನೆಯಲ್ಲಿ ಅವಳ ಹೆಜ್ಜೆ ನಿಂತಿತು.

‘ಇಲ್ಲಿ ಮೆಟ್ಟಿಲಿದೆ’ ಎಂದಳು. ದನಿ ಒಣದಾಗಿತ್ತು, ಕೋಪ ಇಳಿದಿರಲಿಲ್ಲ, ಸರ್ ಎಂದೂ ಅನ್ನಲಿಲ್ಲ. ‘ಎರಡು.’

ಮೂವತ್ತೊಂದು ವರ್ಷ ಇಳಿದ ಮೆಟ್ಟಿಲು. ಕಣ್ಣಿಗೆ ಬಟ್ಟೆ ಕಟ್ಟಿದರೂ ಅವನು ಇಳಿಯಬಲ್ಲ. ಎರಡೆಂಬುದು ಅವನಿಗೆ ಗೊತ್ತು, ಎರಡನೆಯದು ಕೊಂಚ ಗಿಡ್ಡವೆಂಬುದೂ ಗೊತ್ತು. ಆದರೂ ಅವನು ಅಲ್ಲಿ ನಿಂತ. ಅವಳು ‘ಒಂದು’ ಎಂದ ಮೇಲೆ ಒಂದು ಕಾಲಿಟ್ಟ, ‘ಎರಡು’ ಎಂದ ಮೇಲೆ ಇನ್ನೊಂದು.